‘ಸಂಸ್ಕಾರ’ ಮತ್ತೆ ಓದಿದೆ: ಭಾಗೀರಥಿಯ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?

ಹೊಳೆದಂಡೆ:

ಅನಂತಮೂರ್ತಿಯವರ ‘ಸಂಸ್ಕಾರ’ ಬಂದಿದ್ದು 1965ರಲ್ಲಿ. ಆಗಿನಿಂದಲೂ ಅದರ ಸುತ್ತ ಒಂದೇ ಜಗಳ. ಬ್ರಾಹ್ಮಣರನ್ನು, ಅದರಲ್ಲೂ ಮಾಧ್ವರನ್ನು, ಬೇಕಂತಲೇ ಹೀಗಳೆಯುವ ಪುಸ್ತಕವೋ ಅಲ್ಲವೋ ಅಂತ. ಆ ಜಗಳ ಆಡೋಕೆ ಬೇರೆ ಜಾಗಗಳು ಬೇಕಾದಷ್ಟಿವೆ. ನನ್ನ ತಕರಾರು ಭಾಗೀರಥಿಯ ವಿಷಯದ್ದು.

ಓದದೇ ಇರುವವರಿಗೆ ಕಥೆ ಚುಟುಕಾಗಿ. ತುಂಗಾ ದಂಡೆಯ ದೂರ್ವಾಸಪುರ ಎಂಬ ಅಗ್ರಹಾರ. ಅಲ್ಲಿ ನಾರಣಪ್ಪ ಅಂತ ಒಬ್ಬ. ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ದೇವಸ್ಥಾನದ ಕೊಳದ ಮೀನು ಹಿಡಿದವನು, ಕುಂದಾಪುರದ ಚಂದ್ರಿಯನ್ನು ಕರೆತಂದು ಇಟ್ಟುಕೊಂಡವನು. ಶಿವಮೊಗ್ಗಕ್ಕೆ ಹೋಗಿ ಜ್ವರ ಹೊತ್ತು ಬಂದು ಸಾಯುತ್ತಾನೆ. ಪ್ಲೇಗು. ಮಕ್ಕಳಿಲ್ಲ. ಜಾತಿಯಿಂದ ಬಹಿಷ್ಕಾರವೂ ಆಗಿಲ್ಲ. ಹಾಗಾದರೆ ಹೆಣಕ್ಕೆ ಬೆಂಕಿ ಕೊಡುವವರು ಯಾರು? ಹೆಣ ಹೋಗುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಉತ್ತರ ಹುಡುಕುವ ಹೊಣೆ ಪ್ರಾಣೇಶಾಚಾರ್ಯರದು. ಕಾಶಿಯಲ್ಲಿ ಓದಿ ಬಂದವರು, ಎಲ್ಲರೂ ತಲೆಬಾಗುವ ಪಂಡಿತರು. ಗ್ರಂಥದಲ್ಲಿ ಉತ್ತರ ಸಿಗುವುದಿಲ್ಲ. ಮಾರುತಿ ಗುಡಿಯಲ್ಲಿ ಕೂತು ಹೂವಿನ ಪ್ರಸಾದ ಕೇಳುತ್ತಾರೆ, ದೇವರು ಬಲಕ್ಕೂ ಕೊಡುವುದಿಲ್ಲ, ಎಡಕ್ಕೂ ಕೊಡುವುದಿಲ್ಲ. ಸೋತು ವಾಪಸ್ ಬರುವಾಗ ಕತ್ತಲ ಕಾಡಿನಲ್ಲಿ ಚಂದ್ರಿ ಸಿಗುತ್ತಾಳೆ. ಆಮೇಲೆ ಅವರು ಮೊದಲಿನ ಮನುಷ್ಯ ಆಗಿ ಉಳಿಯುವುದಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಕಾದಂಬರಿ ಶುರುವಾಗುವುದೇ ಭಾಗೀರಥಿಯ ಸ್ನಾನದಿಂದ. ಆಚಾರ್ಯರ ಹೆಂಡತಿ. ಕಾಯಿಲೆಯವಳು ಅಂತ ಗೊತ್ತಿದ್ದೇ ಮದುವೆಯಾದವರು ಅವರು. ಇಪ್ಪತ್ತು ವರ್ಷದಿಂದ ದಿನಾ ಮೈತೊಳೆದು, ಗಂಜಿ ಕುಡಿಸಿ, ಔಷಧ ಕೊಟ್ಟು ನೋಡಿಕೊಂಡಿದ್ದಾರೆ. ಕಾಡಿನ ರಾತ್ರಿ ಕಳೆದ ಮೇಲೆ ಅದೇ ಸ್ನಾನ ಇನ್ನೊಂದು ಸಲ ಬರುತ್ತದೆ. ಈ ಸಲ ಬತ್ತಿದ ಎದೆ, ಒಣಗಿದ ಮೈ ಕಣ್ಣಿಗೆ ಬೀಳುತ್ತದೆ. ಹೇಸಿಗೆ ಬರುತ್ತದೆ. ಚೆಲುವು ಯಾವುದು, ಕುರೂಪ ಯಾವುದು ಅಂತ ಅವರ ಕಣ್ಣು ಬೇರ್ಪಡಿಸಿ ನೋಡುವುದು ಆಗಲೇ ಮೊದಲು. ಸ್ವಲ್ಪ ಹೊತ್ತಿಗೆ ಅವಳಿಗೂ ಪ್ಲೇಗು ಬರುತ್ತದೆ. ಸಾಯುತ್ತಾಳೆ. ಆಚಾರ್ಯರು ದಹನ ಮಾಡಿ, ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟು ನಡೆಯುತ್ತಾರೆ. ಅಲ್ಲಿಂದ ಮುಂದಿನ ಪುಟಗಳೆಲ್ಲಾ ಅವರ ತಳಮಳ.

ಬರವಣಿಗೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಗಂಡಸಿಗೆ ಚೆಲುವು ಕಾಣಿಸಬೇಕಾದರೆ ಒಬ್ಬ ಹೆಂಗಸು ಕುರೂಪಿಯಾಗಬೇಕು, ಆಮೇಲೆ ಅನುಕೂಲವಾಗಿ ಸತ್ತೂ ಹೋಗಬೇಕು. ಈ ಲೆಕ್ಕ ನನಗೆ ಸರಿಬರಲಿಲ್ಲ. ಜನ ನಾರಣಪ್ಪನ ಮಾಂಸ, ಹೆಂಡದ ಬಗ್ಗೆ ಅರವತ್ತು ವರ್ಷ ಕಿತ್ತಾಡಿದ್ದಾರೆ. ಇದರ ಬಗ್ಗೆ ಮಾತಾಡಿದವರು ಕಡಿಮೆ. ನಿಮಗೆ ಏನನ್ನಿಸುತ್ತದೆ?

ಬೀದಿದೀಪ:

ಕಥೆ ಪೂರ್ತಿ ಹೇಳಿಬಿಟ್ಟಿರಲ್ಲ ಮಾರಾಯ್ರೆ. ನಾನಿನ್ನೂ ಅರ್ಧದಲ್ಲಿದ್ದೆ.

ಧಾರವಾಡಪೇಢೆ:

ಅಲ್ರೀ, ಇದು ಆಚಾರ್ಯನ ಕಣ್ಣು. ಬರೆದವರ ಕಣ್ಣು ಅಲ್ಲ. ಎರಡು ಸ್ನಾನ ಅಂತ ನೀವೇ ಹೇಳಿದ್ರಿ. ಅದೇ ಮನುಷ್ಯ, ಅದೇ ಹೆಂಡತಿ, ಅದೇ ಬಿಸಿನೀರು. ಬದಲಾದದ್ದು ನೋಟ ಮಾತ್ರ. ಓದುವವರಿಗೆ ಆ ಬದಲಾವಣೆ ತೋರಿಸಬೇಕು ಅಂತಲೇ ಅದನ್ನು ಎರಡು ಸಲ ಇಟ್ಟಿದ್ದಾರೆ. ಆ ಸಾಲು ಓದುವಾಗ ನಿಮಗೆ ಕಸಿವಿಸಿ ಆಯ್ತು ಅಂದ್ರೆ ಬರಹ ತನ್ನ ಕೆಲಸ ಮಾಡಿದೆ. ಪಾತ್ರ ಕ್ರೂರವಾಗಿ ಯೋಚಿಸಿದರೆ ಕಾದಂಬರಿಯೇ ಕ್ರೂರ ಅಂತ ಹೇಳೋಕೆ ಆಗುತ್ತಾ?

ನಮ್ಮೂರಿನ ಮನೋಹರ ಗ್ರಂಥಮಾಲೆ ತಂದ ಪುಸ್ತಕ ಅಂತ ಸ್ವಲ್ಪ ಅಭಿಮಾನ ಇದೆ, ಅದನ್ನು ಮುಚ್ಚಿಡೋದಿಲ್ಲ. ಆದರೂ ವಾದ ವಾದವೇ.

ಹೊಳೆದಂಡೆ:

ಪೇಢೆಯವರೇ, ಆಚಾರ್ಯರ ಒಬ್ಬರ ಕಣ್ಣಾಗಿದ್ದರೆ ಒಪ್ಪುತ್ತಿದ್ದೆ. ಆದರೆ ಬೇರೆ ಗಂಡಸರ ಕಣ್ಣೂ ಹಾಗೇ ನೋಡುತ್ತದೆ. ದುರ್ಗಾಭಟ್ಟ ಚಂದ್ರಿಯನ್ನು ನೋಡಿದರೆ ಅವನಿಗೆ ತನ್ನ ಕೋಣೆಯಲ್ಲಿ ತೂಗುಹಾಕಿದ ರವಿವರ್ಮನ ಮತ್ಸ್ಯಗಂಧಿ ನೆನಪಾಗುತ್ತಾಳೆ. ಅಗ್ರಹಾರದ ಹುಡುಗ ಶ್ರೀಪತಿಗೆ ಕೇರಿಯ ಬೆಳ್ಳಿ ಚೆಲುವೆ, ಮನೆಯ ಹೆಂಡತಿ ಬರಡು. ಆಚಾರ್ಯರಿಗೆ ಆಮೇಲೆ ಅದೇ ಬೆಳಕು ಬರುತ್ತದೆ. ಒಬ್ಬ ಸ್ಮಾರ್ತ ರಸಿಕ, ಒಬ್ಬ ಪೋಲಿ ಹುಡುಗ, ಒಬ್ಬ ವೇದಾಂತಿ. ಮೂವರ ಕಣ್ಣಿಗೂ ಅಗ್ರಹಾರದ ಹೆಂಗಸರು ಒಣಗಿದವರು, ಹೊರಗಿನವರು ತುಂಬಿಕೊಂಡವರು. ಮೂವರೂ ಒಂದೇ ಮಾತು ಹೇಳಿದರೆ ಆ ಮಾತು ಕಾದಂಬರಿಯದ್ದೇ ಅಲ್ವಾ? ಸೀತಾದೇವಿ, ಅನಸೂಯ ಇವರೆಲ್ಲ ಬರುವುದು ಚಿನ್ನಕ್ಕೆ ಆಸೆಪಡಲು, ಜಗಳ ಆಡಲು. ಅವರಿಗೂ ಮೈ ಇತ್ತು, ಹಸಿವಿತ್ತು. ಅವರ ಕಣ್ಣಿನಿಂದ ನಾರಣಪ್ಪ ಹೇಗೆ ಕಾಣುತ್ತಿದ್ದ ಅಂತ ಒಂದೇ ಒಂದು ಪುಟ ಇದ್ದಿದ್ದರೆ!

ಎಂಎ_ಎರಡನೇ_ವರ್ಷ:

ನಮಗೆ ಇದು ಪಠ್ಯ. ಪರೀಕ್ಷೆಗೆ ಬೇಕಾಗಿ ಮೂರು ಸಲ ಓದಿದ್ದೇನೆ, ಹಾಗಾಗಿ ಬಾಯಿ ಹಾಕ್ತಾ ಇದ್ದೀನಿ.

ಚೆಲುವಿನ ಪ್ರಶ್ನೆಯನ್ನು ಕಾದಂಬರಿ ತಾನೇ ಎತ್ತಿದೆ. ನಾರಣಪ್ಪ ಬದುಕಿದ್ದಾಗ ಆಚಾರ್ಯರು ಬುದ್ಧಿ ಹೇಳೋಕೆ ಅವನ ಮನೆಗೆ ಹೋಗ್ತಾರಲ್ಲ, ಆ ಭಾಗ ತೆಗೆದು ನೋಡಿ. ಅವನು ತಿರುಗಿಸಿ ಕೊಡ್ತಾನೆ. ನೀವು ಸಂಜೆ ಜಗುಲಿಯಲ್ಲಿ ಕೂತು ರಸವತ್ತಾದ ಪುರಾಣ, ಕಾವ್ಯ ಓದ್ತೀರಿ, ಬದುಕೋದಕ್ಕೆ ಮಾತ್ರ ಬರಡು ದಾರಿ ಹೇಳ್ತೀರಿ ಅನ್ನೋ ಅರ್ಥದಲ್ಲಿ. ಆಚಾರ್ಯರು ಶಕುಂತಲೆಯನ್ನು ವರ್ಣಿಸಿದ್ದು ಕೇಳಿ ಮೈ ಬಿಸಿಯಾದ ಶ್ರೀಪತಿ ಎದ್ದು ಹೊಳೆಗೆ ಹೋಗಿ ಬೆಳ್ಳಿಯನ್ನು ಅಪ್ಪಿಕೊಂಡ. ಅಂದರೆ ಕಾಳಿದಾಸನ ಚೆಲುವು ಆಚಾರ್ಯರ ಬಾಯಿಂದ ಹೊರಟು ಒಬ್ಬ ಹೊಲತಿಯ ಮೈಮೇಲೆ ಹೋಗಿ ಬಿತ್ತು. ಹೇಳಿದವರಿಗೆ ಅದರ ಅರಿವೇ ಇಲ್ಲ.

ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಇದು. ಚೆಂದದ ಮಾತು ಆಡುವವನು ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನೋಡಬೇಕಾ ಬೇಡ್ವಾ? ಈ ಪ್ರಶ್ನೆ ಆಚಾರ್ಯರಿಗೆ ಎಷ್ಟು ಅನ್ವಯಿಸುತ್ತೋ ಅನಂತಮೂರ್ತಿಯವರಿಗೂ ಅಷ್ಟೇ. ಅವರ ಗದ್ಯವೂ ರಸವತ್ತಾದದ್ದೇ ತಾನೆ.

ಧಾರವಾಡಪೇಢೆ:

ಇದು ಛಲೋ ಹೇಳಿದ್ರಿ. ಶಕುಂತಲೆಯ ಭಾಗ ನನಗೆ ಮರೆತೇ ಹೋಗಿತ್ತು.

ಕೆರೆಬೇಟೆ:

ಎಲ್ಲರೂ ಭಾಗೀರಥಿ, ಚಂದ್ರಿ ಅಂತ ಮಾತಾಡ್ತಾ ಇದ್ದೀರಿ. ಬೆಳ್ಳಿ ಹೆಸರು ಬಂದಾಗ ಅವಳು ಯಾರನ್ನು ಅಪ್ಪಿಕೊಂಡಳು, ಯಾರು ಅಪ್ಪಿಕೊಂಡರು ಅನ್ನೋದಷ್ಟೇ ಬಂತು.

ಪ್ಲೇಗು ಮೊದಲು ಕೇರಿಗೂ ಬಂತು. ಅಗ್ರಹಾರದಲ್ಲಿ ಇಲಿ ಬಿದ್ದು ಸತ್ತಿದ್ದು, ಹದ್ದುಗಳು ಮನೆ ಮೇಲೆ ಬಂದು ಕೂತಿದ್ದು, ಅವನ್ನು ಓಡಿಸೋಕೆ ಶಂಖ ಜಾಗಟೆ ಬಾರಿಸಿದ್ದು, ಇದೆಲ್ಲಾ ಎಷ್ಟು ವಿವರವಾಗಿದೆ! ಆ ಶಂಖ ಜಾಗಟೆಯ ಪುಟ ಒಮ್ಮೆ ಓದಿದವರು ಮರೆಯೋದಿಲ್ಲ. ಬೆಳ್ಳಿಯ ಅಪ್ಪ ಅವ್ವ ಸತ್ತಾಗ? ಗುಡಿಸಲ ಸಮೇತ ಸುಟ್ಟುಬಿಟ್ಟರು. ಅಷ್ಟೇ. ಅಲ್ಲಿ ಯಾರೂ ಗ್ರಂಥ ತೆಗೆಯಲಿಲ್ಲ, ಯಾರು ಬೆಂಕಿ ಕೊಡಬೇಕು ಅಂತ ಮೂರು ಹೊತ್ತು ಉಪವಾಸ ಕೂತು ಚರ್ಚೆ ಮಾಡಲಿಲ್ಲ. ಒಬ್ಬ ಬ್ರಾಹ್ಮಣನ ಹೆಣ ಇಡೀ ಕಾದಂಬರಿ ಆಗುತ್ತೆ. ಕೇರಿಯ ಹೆಣ ದೂರದಲ್ಲಿ ಕಾಣುವ ಬೆಂಕಿ ಆಗುತ್ತೆ.

ಇನ್ನು ಬೆಳ್ಳಿಯ ಚೆಲುವು. ಅದನ್ನು ಹೊಗಳಿಕೆ ಅಂತ ಓದಬೇಡಿ. ಕೇರಿ ಹೆಣ್ಣು ಅಗ್ರಹಾರದ ಗಂಡಿಗೆ ಯಾವಾಗಲೂ ಚೆಲುವಾಗೇ ಕಂಡಿದ್ದಾಳೆ. ಯಾಕಂದ್ರೆ ಅವಳ ಹತ್ತಿರ ಹೋದರೆ ಕೇಳೋರು ಯಾರೂ ಇಲ್ಲ. ಶ್ರೀಪತಿ ಅವಳ ಹತ್ತಿರ ಬರ್ತಾನೆ, ಅವಳು ಮನೆಯ ಕಷ್ಟ, ಜ್ವರ ಅಂತ ಮಾತು ತೆಗೆದರೆ ಬೇಜಾರು ಮಾಡಿಕೊಳ್ಳುತ್ತಾನೆ. ಅವನಿಗೆ ಮೈ ಸಾಕು, ಮಾತು ಬೇಡ. ಈ ಒಂದು ಕಡೆ ಮಾತ್ರ ಲೇಖಕರು ನಿಜ ಹೇಳಿದ್ದಾರೆ ಅನ್ನಿಸಿತು ನನಗೆ.

ಹೊಳೆದಂಡೆ:

ಕೆರೆಬೇಟೆ ಅವರೇ, ಭಾಗೀರಥಿಯ ಸಾವನ್ನು ಬೇಗ ಮುಗಿಸಿದರು ಅಂತ ನಾನು ದೂರಿದೆ. ನೀವು ಹೇಳಿದ ಮೇಲೆ ನೋಡಿದರೆ ಅವಳಿಗೆ ಒಂದು ಚಿತೆಯಾದರೂ ಸಿಕ್ಕಿತು. ಬೆಳ್ಳಿ ಆಮೇಲೆ ಏನಾದಳು ಅಂತ ಪುಸ್ತಕದಲ್ಲಿ ಹುಡುಕಿದೆ. ಇಲ್ಲ.

ಮೇಷ್ಟ್ರು_ನಿವೃತ್ತ:

ನಾನು ಈ ಪುಸ್ತಕವನ್ನು ವರ್ಷಗಟ್ಟಲೆ ಪಾಠ ಮಾಡಿದವನು. ಮಕ್ಕಳೇ, ನಿಮ್ಮ ಪ್ರಶ್ನೆಗಳು ಸರಿಯಾಗಿವೆ. ಆದರೆ ಆ ಕಾಲವನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ.

ಅನಂತಮೂರ್ತಿ ಇದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್‌.ಡಿ. ಓದುತ್ತಿದ್ದಾಗ. ಅಲ್ಲಿ ತಮ್ಮ ಮೇಷ್ಟ್ರು ಮಾಲ್ಕಂ ಬ್ರಾಡ್ಬರಿ ಜೊತೆ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದರು. ಪ್ಲೇಗಿನ ನಡುವೆ ದೇವರನ್ನು ಕೇಳುವ, ಉತ್ತರ ಸಿಗದ ಒಬ್ಬ ಯೋಧನ ಕಥೆ ಅದು. ಆ ರಾತ್ರಿಯ ಮಾತುಕತೆಯಿಂದ ಈ ಕಾದಂಬರಿ ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಮಾರುತಿ ಹೂವು ಕೊಡದೆ ಸುಮ್ಮನಿರುವುದು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ? ಆದರೆ ಹೂವು ಕೇಳುವುದು ನಮ್ಮದೇ ರೂಢಿ. ಹುಟ್ಟೂರು ಮೇಳಿಗೆ, ತೀರ್ಥಹಳ್ಳಿ ತಾಲ್ಲೂಕು. ಕಾದಂಬರಿಯ ಕೊನೆಗೆ ಬರುವ ತೇರೂ ಮೇಳಿಗೆಯದೇ. ಎಷ್ಟು ದೂರ ಕೂತು ಎಷ್ಟು ಹತ್ತಿರದ್ದನ್ನು ಬರೆದರು ನೋಡಿ.

ಸಿನಿಮಾದ ಕಥೆಯನ್ನೂ ಹೇಳಲೇಬೇಕು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ತೆಗೆದರು. ಗಿರೀಶ್ ಕಾರ್ನಾಡ್ ಆಚಾರ್ಯ, ಪಿ. ಲಂಕೇಶ್ ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಸೆನ್ಸಾರಿನವರು ಮೊದಲು ತಡೆದರು, ಜಾತಿ ಜಗಳ ಆಗುತ್ತದೆ ಅಂತ. ಕೊನೆಗೆ ದೆಹಲಿಯಿಂದ ಅನುಮತಿ ಬಂತು. ಆ ವರ್ಷದ ದೇಶದ ಅತ್ಯುತ್ತಮ ಚಿತ್ರ ಅಂತ ಪ್ರಶಸ್ತಿ ಕೊಟ್ಟರು. ಕನ್ನಡಕ್ಕೆ ಅದು ಮೊದಲ ಸಲ. ಆ ಚಂದ್ರಿ, ಸ್ನೇಹಲತಾ, ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದರು. ಕಾಯಿಲೆ ಬಿದ್ದು, ಹೊರಗೆ ಬಂದ ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಇದಕ್ಕೂ ನಿಮ್ಮ ಚರ್ಚೆಗೂ ನೇರ ಸಂಬಂಧ ಇಲ್ಲ. ಆದರೆ ಚಂದ್ರಿಯ ಪಾತ್ರ ಓದುವಾಗ ನನಗೆ ಅವರ ಮುಖವೇ ಬರುತ್ತದೆ, ಏನು ಮಾಡಲಿ.

ಒಂದು ಮಾತು ಕೇಳುತ್ತೇನೆ. ಆಗ ಅಗ್ರಹಾರದ ಒಳಗಿನವನೇ ಒಬ್ಬ ಎದ್ದು ನಿಂತು ಒಳಗಿನದನ್ನು ಹೇಳಿದ್ದು ಸಣ್ಣ ಧೈರ್ಯವೇ? ಹೇಳದೇ ಬಿಟ್ಟಿದ್ದರ ಪಟ್ಟಿ ಮಾಡುವಾಗ ಹೇಳಿದ್ದನ್ನು ಬದಿಗೆ ತಳ್ಳಬೇಡಿ.

ಕೆರೆಬೇಟೆ:

ಧೈರ್ಯ ದೊಡ್ಡದೇ ಮೇಷ್ಟ್ರೇ. ಅದನ್ನು ಯಾರೂ ತಳ್ಳಿಲ್ಲ. ಒಳಗಿನವರು ಒಳಗಿನದನ್ನು ಬರೆದರು, ಸಂತೋಷ. ಹೊರಗಿನವರನ್ನು ಬರೆಯುವಾಗ ಒಳಗಿನ ಕಣ್ಣೇ ಉಳಿದುಕೊಂಡಿತು ಅನ್ನೋದಷ್ಟೇ ನನ್ನ ಮಾತು. ಎಪ್ಪತ್ತರ ದಶಕದಲ್ಲಿ ನಮ್ಮವರೇ ಬರೆಯೋಕೆ ಶುರುಮಾಡಿದ ಮೇಲೆ ಕೇರಿಯೊಳಗೆ ನಗು, ಜಗಳ, ಊಟ, ಸಾವು ಎಲ್ಲಾ ಇದೆ ಅಂತ ಕನ್ನಡ ಓದುಗರಿಗೆ ಗೊತ್ತಾಯಿತು.

ಫ್ರೀಮಾಂಟ್_ಕನ್ನಡಿಗ:

ನಾನು ಮೊದಲು ಓದಿದ್ದು ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ, 1976ರದ್ದು. ಕನ್ನಡದಲ್ಲಿ ಓದಿದ್ದು ಆಮೇಲೆ, ಅಮ್ಮ ಕಳಿಸಿದ ಪ್ರತಿಯಲ್ಲಿ. ಇಲ್ಲಿಯವರಿಗೆ ಓದೋಕೆ ಕೊಟ್ಟರೆ ಅವರು ಮೊದಲು ಕೇಳೋದು, ಹೆಣ ಕೊಳೀತಾ ಇರುವಾಗ ಇಷ್ಟು ಜನ ಯಾಕೆ ಸುಮ್ಮನೆ ಕೂತರು ಅಂತ. ಲೇಖಕ ವಿ.ಎಸ್. ನೈಪಾಲ್ ಕೂಡ 1977ರ ತಮ್ಮ ಭಾರತದ ಪುಸ್ತಕದಲ್ಲಿ ‘ಸಂಸ್ಕಾರ’ವನ್ನು ಎತ್ತಿಕೊಂಡು, ಹಿಂದೂ ಸಮಾಜದ ಕಾಯಿಲೆಗೆ ಸಾಕ್ಷಿ ಅನ್ನೋ ಹಾಗೆ ಓದಿದರು. ನನಗೆ ಅದು ಅನ್ಯಾಯ ಅನ್ನಿಸಿತು. ಕಾದಂಬರಿ ಅಂದ್ರೆ ಜನಗಣತಿ ವರದಿ ಅಲ್ಲವಲ್ಲ.

ನನ್ನ ಪ್ರಶ್ನೆ ಬೇರೆ. ಇದನ್ನು ದುರಂತ ಅಂತ ಯಾಕೆ ಕರೀತೀವಿ? ಆಚಾರ್ಯರು ಸಾಯೋದಿಲ್ಲ. ಬೀಳ್ತಾರೆ, ಏಳ್ತಾರೆ, ವಾಪಸ್ ಹೊರಡ್ತಾರೆ. ಅವರಿಗೆ ಬಿಡುಗಡೆ ಸಿಕ್ಕಿತು ಅಂತಲೂ ಓದಬಹುದಲ್ವಾ?

ಧಾರವಾಡಪೇಢೆ:

ದುರಂತ ಎಲ್ಲಿದೆ ಅಂತ ನಾನು ಹೇಳ್ತೀನಿ ಕೇಳ್ರಿ.

ಕಾಡಿನಲ್ಲಿ ಎಚ್ಚರ ಆದಮೇಲೆ ಆಚಾರ್ಯ ಚಂದ್ರಿಗೆ ಏನು ಹೇಳ್ತಾನೆ? ನಡಿ, ಅಗ್ರಹಾರಕ್ಕೆ ಹೋಗೋಣ, ನಾಳೆ ಎಲ್ಲರ ಮುಂದೆ ನಡೆದದ್ದು ಹೇಳು, ನನಗೆ ಧೈರ್ಯ ಬರದೇ ಹೋದರೆ ನೀನೇ ಹೇಳು ಅನ್ನೋ ಅರ್ಥದ ಮಾತು. ಅಂದರೆ ತನ್ನ ತಪ್ಪೊಪ್ಪಿಗೆಯನ್ನೂ ಅವಳ ತಲೆಮೇಲೆ ಹೊರಿಸ್ತಾನೆ. ಅವಳು ಮಾಡಿದ್ದೇನು? ಈ ಹೆಣ ಇಟ್ಟುಕೊಂಡು ಈ ಮನುಷ್ಯನಿಗೆ ಇನ್ನಷ್ಟು ತೊಂದರೆ ಯಾಕೆ ಅಂತ ನೇರ ಗಾಡಿಯವನ ಮನೆಗೆ ಹೋದಳು. ಶೇಷಪ್ಪ ಬ್ರಾಹ್ಮಣನ ಹೆಣ ಮುಟ್ಟಿ ನರಕಕ್ಕೆ ಹೋಗಲಾರೆ ಅಂದ. ಆಮೇಲೆ ಮೀನು ವ್ಯಾಪಾರದ ಅಹಮದ್ ಬ್ಯಾರಿ ಹತ್ತಿರ ಹೋದಳು. ನಾರಣಪ್ಪ ಹಿಂದೆ ಎತ್ತು ಕೊಳ್ಳಲು ದುಡ್ಡು ಕೊಟ್ಟಿದ್ದ, ಆ ಋಣ ಅವನಿಗೆ ನೆನಪಿತ್ತು. ಗಾಡಿ ಕಟ್ಟಿದ, ಕಟ್ಟಿಗೆ ಹಾಕಿದ, ರಾತ್ರೋರಾತ್ರಿ ಸುಟ್ಟು ಬಂದ. ಚಂದ್ರಿ ಅತ್ತಳು, ಗಂಟು ಕಟ್ಟಿಕೊಂಡಳು, ಕುಂದಾಪುರದ ಬಸ್ಸಿಗೆ ಹೊರಟಳು.

ಮಠ ಮಠ ತಿರುಗಿ, ಸ್ವಾಮಿಗಳನ್ನು ಕೇಳಿ, ನಾರಣಪ್ಪನ ಆಸ್ತಿ ಮಠಕ್ಕೆ ಸೇರಬೇಕು ಅಂತ ಅವರಿಂದ ಹೇಳಿಸಿಕೊಂಡು, ಹಸಿವು ತಡೆಯದೆ ದಾಸಾಚಾರ್ಯ ಪಾರಿಜಾತಪುರದ ಸ್ಮಾರ್ತರ ಮನೆಯಲ್ಲಿ ತಿಂದು, ಇಷ್ಟೆಲ್ಲಾ ಮಾಡಿದ ಬ್ರಾಹ್ಮಣರಿಗೆ ಆಗದ ಕೆಲಸ ಒಂದು ರಾತ್ರಿಯಲ್ಲಿ ಮುಗಿದಿತ್ತು. ಆಚಾರ್ಯನಿಗೆ ಮಾತ್ರ ಅದು ಗೊತ್ತೇ ಇಲ್ಲ! ಇಡೀ ಮೂರನೇ ಭಾಗ ಅವನು ತಲೆಯೊಳಗೆ ಹೊತ್ತು ತಿರುಗುವ ಹೆಣ ಬೂದಿಯಾಗಿ ಎಷ್ಟೋ ಹೊತ್ತಾಗಿದೆ. ದುರಂತ ಇದು ನೋಡ್ರಿ. ಓದುವವನಿಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಇನ್ನು ಚಂದ್ರಿ. ಇಡೀ ಪುಸ್ತಕದಲ್ಲಿ ಧರ್ಮದ ಕೆಲಸ ಅಂತ ಒಂದು ಇದ್ದರೆ ಅದನ್ನು ಮಾಡಿದವರು ಒಬ್ಬ ಸೂಳೆ, ಒಬ್ಬ ಸಾಬ. ಅವರು ಅದನ್ನು ಧರ್ಮ ಅಂತ ಕೂಡ ಕರೆಯಲಿಲ್ಲ. ಇದಕ್ಕಿಂತ ದೊಡ್ಡ ನೈತಿಕ ಮಾತು ಕಾದಂಬರಿಯಿಂದ ಇನ್ನೇನು ಬೇಕು?

ನಿರ್ವಾಹಕ:

ಜಾತಿ ಹೆಸರು ಹಿಡಿದು ಬೈದ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಪುಸ್ತಕದಲ್ಲಿರುವ ಪದವನ್ನು ಪುಸ್ತಕದ ಚರ್ಚೆಗೆ ಬಳಸಿ, ಸದಸ್ಯರ ಮೇಲೆ ಬಳಸಬೇಡಿ. ಮುಂದುವರಿಸಿ.

ಅಡುಗೆಮನೆ_ಕಿಟಕಿ:

ತಡವಾಗಿ ಬಂದೆ. ಎಲ್ಲಾ ಓದಿದೆ. ನನ್ನ ಅತ್ತೆ ಮಲಗಿದಲ್ಲೇ ಇದ್ದರು, ಕೆಲವು ವರ್ಷ. ನೋಡಿಕೊಂಡಿದ್ದು ನಾನು. ಹಾಗಾಗಿ ಆ ಸ್ನಾನದ ಬಗ್ಗೆ ನನಗೆ ಬೇರೆ ಥರ ಅನ್ನಿಸಿತು.

ಹೇಸಿಗೆ ಆಗುತ್ತೆ. ಆಗದೇ ಇರೋದಿಲ್ಲ. ಹೇಸಿಗೆ ಪಟ್ಟುಕೊಂಡೇ ಮಾಡ್ತೀವಿ, ಮಾಡಿ ಕೈ ತೊಳೆದುಕೊಂಡು ಊಟ ಮಾಡ್ತೀವಿ. ಇಪ್ಪತ್ತು ವರ್ಷ ಒಂದು ದಿನವೂ ಹೇಸಿಗೆ ಆಗಲಿಲ್ಲ ಅಂದರೆ ಆ ಮನುಷ್ಯ ಅವಳನ್ನು ನೋಡೇ ಇಲ್ಲ ಅಂತ ಅರ್ಥ. ಅವರ ಕಣ್ಣೆದುರು ಇದ್ದದ್ದು ತಮ್ಮ ತಪಸ್ಸು. ಕಾಯಿಲೆಯವಳನ್ನು ಮದುವೆಯಾಗಿದ್ದೇ ತಾನು ಮಾಗುವುದಕ್ಕೆ, ಪುಣ್ಯಕ್ಕೆ. ಅವಳು ಪಾಪ ಎಷ್ಟು ಸಲ ಹೇಳ್ತಾಳೆ, ನನ್ನನ್ನು ಕಟ್ಟಿಕೊಂಡು ನಿಮಗೇನು ಸುಖ, ಮನೆಗೊಂದು ಮಗು ಬೇಡವೇ, ಇನ್ನೊಂದು ಮದುವೆ ಮಾಡಿಕೊಳ್ಳಿ ಅಂತ. ಅವರು ನಕ್ಕು ಸುಮ್ಮನಾಗ್ತಾರೆ. ಒಳಗೊಳಗೇ ಹೆಮ್ಮೆ. ಹಾಗೆ ಹೇಳುವಾಗ ಅವಳ ಮನಸ್ಸಿನಲ್ಲಿ ಏನಿತ್ತು ಅಂತ ಒಂದು ಸಲವಾದರೂ ಯೋಚಿಸಿದರಾ? ಹೊರೆಯಾಗಿದ್ದೀನಿ ಅನ್ನೋ ಸಂಕಟ ದಿನಾ ನುಂಗುವವರ ಮುಖ ನಾನು ನೋಡಿದ್ದೀನಿ. ಔಷಧ ಕೊಟ್ಟರೆ ಹೋಗುವಂಥದ್ದಲ್ಲ ಅದು.

ಹಾಗಾಗಿ ಹೊಳೆದಂಡೆಯವರೇ, ನನಗೆ ಕೆಟ್ಟದಾಗಿ ಕಂಡಿದ್ದು ಮೊದಲನೇ ಸ್ನಾನ. ಅಷ್ಟು ಶಾಂತವಾಗಿ, ಅಷ್ಟು ಶುದ್ಧವಾಗಿ, ಪೂಜೆಯ ಸಾಮಾನು ತೊಳೆದ ಹಾಗೆ ತೊಳೆಯುತ್ತಾರಲ್ಲ, ಅದು. ಎರಡನೇ ಸಲ ಕೊನೆಗೂ ಅವಳು ಮೈ ಇರುವ ಒಬ್ಬ ಹೆಂಗಸಾಗಿ ಕಂಡಳು. ಹೇಸಿಗೆಯಿಂದಲೇ ಇರಲಿ, ಕಂಡಳು.

ಹೊಳೆದಂಡೆ:

ಈ ಉತ್ತರವನ್ನು ನಿನ್ನೆಯಿಂದ ತಲೆಯಲ್ಲಿ ತಿರುವಿ ಹಾಕುತ್ತಾ ಇದ್ದೇನೆ. ಎರಡನೇ ಸ್ನಾನಕ್ಕಿಂತ ಮೊದಲನೆಯದು ಕ್ರೂರ ಅನ್ನೋದು ನಾನು ಎಲ್ಲೂ ಓದಿರದ ಮಾತು. ಒಪ್ಪಿದೆ ಅಂದುಕೊಳ್ಳಿ. ಹಾಗಾದರೂ ಒಂದು ಉಳಿಯುತ್ತದೆ. ಮೊದಲು ಅವಳು ಅವರ ಮೋಕ್ಷಕ್ಕೆ ಬೇಕಾದಳು. ಆಮೇಲೆ ಅವರ ಕಣ್ಣು ತೆರೆಯುವುದಕ್ಕೆ ಬೇಕಾದಳು. ಎರಡೂ ಸಲ ಬೇಕಾಗಿದ್ದು ಅವರಿಗೆ.

ಕೆರೆಬೇಟೆ:

ಅಡುಗೆಮನೆಯವರ ಮಾತು ನನಗೂ ತಟ್ಟಿತು. ಆದರೆ ಕಂಡ ಮೇಲೆ ಏನು ಮಾಡಿದರು ಅನ್ನೋದೇ ಪ್ರಶ್ನೆ. ನೀವು ಕೈ ತೊಳೆದುಕೊಂಡು ಮತ್ತೆ ಮಾರನೇ ದಿನ ಹೋದಿರಿ. ಆಚಾರ್ಯರಿಗೆ ಆ ಮಾರನೇ ದಿನ ಬರದಂತೆ ಲೇಖಕರೇ ನೋಡಿಕೊಂಡರು. ಪ್ಲೇಗು ಕಳಿಸಿ ಅವಳನ್ನು ತೆಗೆದುಬಿಟ್ಟರು. ಅವಳು ಇನ್ನೂ ಹತ್ತು ವರ್ಷ ಬದುಕಿದ್ದರೆ, ಚಂದ್ರಿಯನ್ನು ಮುಟ್ಟಿದ ಅದೇ ಕೈಯಲ್ಲಿ ದಿನಾ ಇವಳ ಮೈ ತೊಳೆಯಬೇಕಾಗಿ ಬಂದಿದ್ದರೆ, ಆಗ ನೋಡಬೇಕಿತ್ತು ಆಚಾರ್ಯರ ನೀತಿ. ಆ ಕಾದಂಬರಿ ಬರೆಯೋದು ಕಷ್ಟ.

ಎಂಎ_ಎರಡನೇ_ವರ್ಷ:

ಇದನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡ್ತಾರಾ ಮೇಷ್ಟ್ರೇ?

ಮೇಷ್ಟ್ರು_ನಿವೃತ್ತ:

ನಾನಾಗಿದ್ದರೆ ಕೊಡುತ್ತಿದ್ದೆ. ಬೇರೆಯವರ ಬಗ್ಗೆ ಹೇಳಲಾರೆ.

ಆದರೆ ಕೆರೆಬೇಟೆಯವರಿಗೆ ಒಂದು ಉತ್ತರ ಇದೆ. ಆಚಾರ್ಯರನ್ನು ಲೇಖಕರು ಸುಲಭವಾಗಿ ಬಿಡಲಿಲ್ಲ. ಮೇಳಿಗೆಯ ಭಾಗವನ್ನು ನಿಧಾನವಾಗಿ ಓದಿ. ದಾರಿಯಲ್ಲಿ ಪುಟ್ಟ ಅಂತ ಮಾಲೇರ ಜಾತಿಯ ಒಬ್ಬ ಹುಡುಗ ಗಂಟುಬೀಳುತ್ತಾನೆ. ಬಾಯಿ ಮುಚ್ಚುವುದೇ ಇಲ್ಲ. ಒಗಟು ಕೇಳುತ್ತಾನೆ, ಅಂಗಡಿ ತೋರಿಸುತ್ತಾನೆ, ಕೋಳಿ ಅಂಕಕ್ಕೆ ಎಳೆದುಕೊಂಡು ಹೋಗುತ್ತಾನೆ. ಆ ಕೋಳಿ ಅಂಕದಲ್ಲಿ ಸುತ್ತ ನಿಂತವರ ಕಣ್ಣು, ಕತ್ತಿ ಕಟ್ಟಿದ ಕಾಲು, ರಕ್ತ. ಆಚಾರ್ಯರು ನಡುಗಿಹೋಗುತ್ತಾರೆ. ನಾರಣಪ್ಪನ ಹಾಗೆ ಬದುಕಬಹುದು ಅಂತ ಅಷ್ಟು ಹೊತ್ತು ಅಂದುಕೊಂಡಿದ್ದರಲ್ಲ, ಆ ಲೋಕಕ್ಕೂ ತಾನು ಸಲ್ಲುವವನಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ. ಚೆಲುವಿನ ಬಾಗಿಲು ತೆರೆದುಕೊಂಡು ಒಳಗೆ ಹೋದರೆ ಅಲ್ಲಿ ಇದೂ ಇದೆ. ಚಂದ್ರಿಯ ಮಡಿಲೊಂದೇ ಇಲ್ಲ.

ಆಮೇಲೆ ದೇವಸ್ಥಾನದ ಪಂಕ್ತಿ. ಹೆಂಡತಿ ಸತ್ತ ಸೂತಕದಲ್ಲಿ ಎಲೆ ಮುಂದೆ ಕೂತಿದ್ದಾರೆ. ಯಾರಾದರೂ ಗುರುತು ಹಿಡಿದರೆ? ಇಡೀ ತೇರು ಮೈಲಿಗೆಯಾಗುತ್ತದೆ. ಆ ಭಯವನ್ನು ಓದುವಾಗ ನನಗೆ ಈಗಲೂ ಗಂಟಲು ಒಣಗುತ್ತದೆ. ಶಾಸ್ತ್ರ ನಂಬಿಕೆ ಹೋಗಿದೆ, ಶಾಸ್ತ್ರದ ಭಯ ಹೋಗಿಲ್ಲ. ನಮ್ಮಲ್ಲಿ ಎಷ್ಟು ಜನ ಹಾಗೆ ಬದುಕುತ್ತಿಲ್ಲ?

ಫ್ರೀಮಾಂಟ್_ಕನ್ನಡಿಗ:

ಕೋಳಿ ಅಂಕದ ಭಾಗ ನಿಜಕ್ಕೂ ಎದೆ ಹೊಡೆದುಕೊಳ್ಳುವ ಹಾಗಿದೆ. ನನಗೆ ಪುಸ್ತಕದಲ್ಲಿ ಅತಿ ಇಷ್ಟವಾದವನು ಪುಟ್ಟ. ಅವನೊಬ್ಬನಿಗೇ ಯಾವ ತತ್ವವೂ ಇಲ್ಲ. ಅವನು ಬಂದ ಮೇಲೆ ಪುಸ್ತಕಕ್ಕೆ ಉಸಿರು ಬರುತ್ತದೆ.

ಅಡುಗೆಮನೆ_ಕಿಟಕಿ:

ಪುಟ್ಟ ಇಲ್ಲದಿದ್ದರೆ ನಾನು ಮುಗಿಸುತ್ತಲೇ ಇರಲಿಲ್ಲ. ಆಚಾರ್ಯರ ತಲೆಯೊಳಗೇ ಅಷ್ಟು ಪುಟ ಇರೋದು ಯಾರಿಗಾದರೂ ಸುಸ್ತು.

ಬೀದಿದೀಪ:

ನಾನು ಈಗ ಮುಗಿಸಿದೆ. ನಿಮ್ಮೆಲ್ಲರ ದಯೆಯಿಂದ ಯಾವ ತಿರುವೂ ಆಶ್ಚರ್ಯ ಆಗಲಿಲ್ಲ, ಆದರೂ ಓದಿಸಿಕೊಂಡಿತು.

ಒಂದು ಪ್ರಶ್ನೆ. ಕೊನೆಯಲ್ಲಿ ಗಾಡಿಯಲ್ಲಿ ಒಬ್ಬರಿಗೆ ಜಾಗ ಇದೆ, ಹತ್ತಿ ದೂರ್ವಾಸಪುರಕ್ಕೆ ಹೊರಡ್ತಾರೆ. ಎಲ್ಲರಿಗೂ ನಿಜ ಹೇಳಬೇಕು ಅಂತ. ಅಲ್ಲಿ ಮುಗಿಯುತ್ತೆ. ಅದಕ್ಕೆ ಮುಂಚೆ ಕುಂದಾಪುರಕ್ಕೆ ಹೋಗಿ ಚಂದ್ರಿ ಜೊತೆ ಇದ್ದುಬಿಡಲೇ ಅಂತಲೂ ಯೋಚಿಸ್ತಾರೆ. ಹೋಗಬೇಕಿತ್ತು ಅಂತೀರಾ ನೀವು?

ಧಾರವಾಡಪೇಢೆ:

ಹೋಗಬಾರದು. ಮೊದಲು ಅಗ್ರಹಾರದಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳದೇ ಕುಂದಾಪುರಕ್ಕೆ ಹೋದರೆ ಅದು ಓಡಿಹೋದ ಹಾಗೆ. ಹೇಳಿದ ಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ.

ಹೊಳೆದಂಡೆ:

ನಾನೂ ಹೋಗಬಾರದು ಅಂತೀನಿ, ಕಾರಣ ಬೇರೆ. ಚಂದ್ರಿ ಕರೆದಿಲ್ಲ. ಹೊರಡುವ ಮುಂಚೆ ಕಾಲಿಗೆ ನಮಸ್ಕಾರ ಮಾಡಬೇಕು ಅನ್ನಿಸುತ್ತದೆ ಅವಳಿಗೆ, ಸಂಕೋಚ ಆಗಿ ಹಾಗೇ ಹೋಗುತ್ತಾಳೆ. ದೊಡ್ಡವರಿಂದ ಒಂದು ಮಗು ಆಗಲಿ ಅಂತ ಅವಳ ತಾಯಿ ಹೇಳುತ್ತಿದ್ದಳಂತೆ, ಅದು ಅವಳ ಒಳಮನಸ್ಸಿನಲ್ಲಿ ಇತ್ತು. ಅವಳ ಲೆಕ್ಕ ಅಲ್ಲಿಗೆ ಮುಗಿದಿದೆ. ಆಚಾರ್ಯರು ಕುಂದಾಪುರದ ಮನೆಯ ಬಾಗಿಲಿಗೆ ಹೋಗಿ ನಿಂತರೆ ಅವಳು ಮತ್ತೆ ಒಬ್ಬರನ್ನು ನೋಡಿಕೊಳ್ಳಬೇಕು, ಉಪಚಾರ ಮಾಡಬೇಕು, ಅವರ ತಳಮಳ ಕೇಳಬೇಕು. ನಾರಣಪ್ಪನ ಜೊತೆ ಹತ್ತು ವರ್ಷ ಅದನ್ನೇ ಮಾಡಿದ್ದಾಳೆ.

ಕೆರೆಬೇಟೆ:

ಹಾಗೆ ಹೋಗಿದ್ದರೆ ಅವಳ ಕೈಲಿ ಎರಡು ಬಾಳೆಹಣ್ಣು ಕೊಡಿಸಿ, ವಾಪಸ್ ಬಸ್ಸು ಹತ್ತಿಸಿ ಕಳಿಸೋ ಒಂದು ಅಧ್ಯಾಯ ನಾನೇ ಬರೀತಿದ್ದೆ.

ಧಾರವಾಡಪೇಢೆ:

ಬರೀರಿ ಮತ್ತೆ. ಇಲ್ಲೇ ಹಾಕ್ರಿ, ಓದ್ತೀವಿ.